ಕೈಯಲ್ಲಿ ಒಂದೂ ಆರ್ಡರ್ ಇಲ್ಲದೆ ಹೊಲಿಗೆ ಮಷೀನಿಗೆ ದುಡ್ಡು ಹಾಕಬಹುದಾ?

ಹೊಸಹೆಜ್ಜೆ:
ಲ್ಯಾಪ್‌ಟಾಪ್ ಅಳತೆ ತಗೊಂಡು ಅದಕ್ಕೆ ಸರಿಯಾಗಿ ಕ್ಯಾನ್ವಾಸ್ ಬ್ಯಾಗ್ ಹೊಲಿಸಿ ಮಾರುವ ಯೋಚನೆ ಇದೆ. ಮೊದಲು ಆನ್‌ಲೈನ್, ಆಮೇಲೆ ಅಂಗಡಿಗಳಿಗೂ ಹಾಕಬೇಕು ಅಂತ. ಮಾರುವ ಬೆಲೆ 100 ಅಂತಿಟ್ಟುಕೊಳ್ಳಿ. ಬಟ್ಟೆ, ಜಿಪ್, ಪಟ್ಟಿ ಸೇರಿ 40, ಹೊಲಿಗೆ ಕೂಲಿ 15, ಉಳಿಯೋದು 45. ಬಾಡಿಗೆ, ಕರೆಂಟು, ನನ್ನ ಮನೆಖರ್ಚು ಸೇರಿ ತಿಂಗಳಿಗೆ 5,600 ಬೇಕು. ಅಂದ್ರೆ 125 ಬ್ಯಾಗ್ ಹೋದರೆ ಸಾಕು. ಕೇಳಿದವರೆಲ್ಲ ಚೆನ್ನಾಗಿದೆ, ಮಾಡು ಅಂತಿದ್ದಾರೆ. ಎರಡು ಇಂಡಸ್ಟ್ರಿಯಲ್ ಮಷೀನು, ಒಂದು ದೊಡ್ಡ ಲಾಟ್ ಬಟ್ಟೆ ಈಗಲೇ ತಗೊಳ್ಳಲಾ?

ಖರ್ಚುಪಟ್ಟಿ:
ಮಷೀನಿನ ಮಾತು ಆಮೇಲೆ. ನಿಮ್ಮ 45 ನಿಜವಾಗಿ 45 ಅಲ್ಲ. ಪ್ಯಾಕಿಂಗ್ ಎಲ್ಲಿ? ಕೊರಿಯರ್ ಎಲ್ಲಿ? ಆನ್‌ಲೈನಿನಲ್ಲಿ ಗಿರಾಕಿಯ ದುಡ್ಡು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಹಿಡಿದುಕೊಳ್ಳುವ ಕಮಿಷನ್ ಎಲ್ಲಿ? ಪ್ಯಾಕಿಂಗಿಗೆ 4, ಕೊರಿಯರಿಗೆ 11, ಗೇಟ್‌ವೇಗೆ 2 ಹಾಕಿ ನೋಡಿ. ಒಟ್ಟು ಖರ್ಚು 72, ಉಳಿಯೋದು 28. ಈಗ 5,600ನ್ನು 28ರಿಂದ ಭಾಗಿಸಿದರೆ ತಿಂಗಳಿಗೆ 200 ಬ್ಯಾಗ್. ನೀವು ಅಂದುಕೊಂಡಿದ್ದು 125.

ಇದರಲ್ಲಿ ಜಾಹೀರಾತು ಇನ್ನೂ ಸೇರಿಲ್ಲ. 300 ಖರ್ಚು ಮಾಡಿ 12 ಆರ್ಡರ್ ಬಂದರೆ ಆರ್ಡರಿಗೆ 25 ಬಿತ್ತು, ನಿಮ್ಮ ಕೈಗೆ ಉಳಿದದ್ದು 3. ವ್ಯಾಪಾರ ಡಲ್ ಇದೆ ಅಂತ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ 28 ಇದ್ದದ್ದು 18 ಆಗುತ್ತೆ, ಆಗ 312 ಬ್ಯಾಗ್ ಹೋಗಬೇಕು. ಬೆಲೆ ಇಳಿಸಿದ್ದು ಹತ್ತು ಪರ್ಸೆಂಟ್, ಕೆಲಸ ಹೆಚ್ಚಿದ್ದು ಐವತ್ತಾರು ಪರ್ಸೆಂಟ್. ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದೇ.

ಅಂಗಡಿ ಲೆಕ್ಕ ಇನ್ನೂ ಬಿಗಿ. ಅಂಗಡಿಯವರು 35 ತಮ್ಮ ಪಾಲು ಇಟ್ಟುಕೊಂಡರೆ ನಿಮಗೆ 65. ಬಟ್ಟೆ, ಕೂಲಿ, ಪ್ಯಾಕಿಂಗ್ 59, ಒಟ್ಟಿಗೆ ಸಾಗಿಸೋದಕ್ಕೆ ತಲಾ 3. ಒಂದು ಬ್ಯಾಗಿಗೆ ಉಳಿಯೋದು 3. ಆಮೇಲೆ ಅಂಗಡಿಗೆ ಹಾಕೋಣ ಅನ್ನೋ ಆಸೆ ಇದ್ದರೆ ಆ ಪಾಲನ್ನು ಮೊದಲ ದಿನದ ಬೆಲೆಯಲ್ಲೇ ಸೇರಿಸಿಡಬೇಕು. 100ಕ್ಕೆ ಮಾರಿ ರೂಢಿಯಾದ ಮೇಲೆ 135 ಅಂದರೆ ಹಳೇ ಗಿರಾಕಿಯೇ ಜಗಳಕ್ಕೆ ಬರುತ್ತಾನೆ.

ಜೊತೆಗೆ ಅಂಗಡಿಗೆ ಕೊಡುವ ಉದ್ರಿಯ ಗಡುವು. ಬಟ್ಟೆಗೆ ಮುಂಗಡ ಕೊಟ್ಟಿರುತ್ತೀರಿ, ಅದು ಬ್ಯಾಗಾಗಿ ಹೊರಗೆ ಹೋಗೋಕೆ 30 ದಿನ, ಅಂಗಡಿಯಿಂದ ದುಡ್ಡು ಬರೋಕೆ 45 ದಿನ. ಎರಡೂವರೆ ತಿಂಗಳ ಬಟ್ಟೆಯ ಹಣ ಯಾವಾಗಲೂ ಹೊರಗೇ ಇರುತ್ತೆ. ತಿಂಗಳಿಗೆ 200 ಬ್ಯಾಗ್ ಅಂದರೆ ಬಟ್ಟೆಗೆ 8,000, ಸಿಕ್ಕಿಬಿದ್ದದ್ದು 20,000. ಆರ್ಡರ್ ದುಪ್ಪಟ್ಟಾದರೆ ಅದೂ ದುಪ್ಪಟ್ಟು. ಪುಸ್ತಕದಲ್ಲಿ ಲಾಭ ಇದ್ದು ಗಲ್ಲಾಪೆಟ್ಟಿಗೆ ಖಾಲಿ ಹೊಡೆಯೋದು ಹೀಗೆ.

ಸೂಜಿದಾರ:
ಲೆಕ್ಕ ಮೇಲಿನವರು ಹೇಳಿಯಾಯಿತು, ನಾನು ಸರಕಿನ ಬಗ್ಗೆ. "ಅಳತೆಗೆ ಸರಿಯಾಗಿ" ಅಂತ ಮಾತು ಕೊಡುವ ಮುಂಚೆ ಒಂದು ತಿಳಿದುಕೊಳ್ಳಿ: 14 ಇಂಚು, 15.6 ಇಂಚು ಅನ್ನೋದು ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ, ಲ್ಯಾಪ್‌ಟಾಪಿನ ಅಗಲ ಅಲ್ಲ. ಒಂದೇ 15.6ರ ಎರಡು ಮಾಡೆಲ್ ಹೊರಗಿನಿಂದ ಬೇರೆ ಬೇರೆ ಗಾತ್ರ ಇರುತ್ತವೆ. ಗಿರಾಕಿಯಿಂದ ಉದ್ದ, ಅಗಲ, ದಪ್ಪ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ, ಉದ್ದ ಅಗಲಕ್ಕೆ 10ರಿಂದ 15 ಮಿಮೀ ಸಡಿಲ ಬಿಡಿ. ಇಲ್ಲದಿದ್ದರೆ ವಾಪಸ್ ಬಂದ ಬ್ಯಾಗ್ ಬೇರೆ ಯಾರಿಗೂ ಮಾರೋಕಾಗಲ್ಲ. ಅಳತೆ ಕೊಟ್ಟು ಹೊಲಿಸಿದ ಸರಕಿನ ದೊಡ್ಡ ಅಪಾಯವೇ ಅದು.

ಬಟ್ಟೆ 340ರಿಂದ 400 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಮಿನಲ್ಲಿ) ಸಾಕು. ಅದಕ್ಕಿಂತ ದಪ್ಪ ತಗೊಂಡರೆ ಮೂಲೆಯಲ್ಲಿ ನಾಲ್ಕೈದು ಪದರ ಸೇರುವ ಕಡೆ ಸೂಜಿ ಮುರಿಯುತ್ತೆ. 16 ಅಥವಾ 18ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಮಗ್ಗದಿಂದ ಬಂದ ಹತ್ತಿ ಕ್ಯಾನ್ವಾಸನ್ನು ಒಗೆಯದೆ ಕತ್ತರಿಸಬೇಡಿ, ನೂರಕ್ಕೆ ಹತ್ತರವರೆಗೂ ಕುಗ್ಗಬಹುದು. ಗಿರಾಕಿ ಮೊದಲ ಸಲ ಒಗೆದ ದಿನ ಲ್ಯಾಪ್‌ಟಾಪ್ ಒಳಗೆ ಹೋಗಲ್ಲ.

ಬ್ಯಾಗ್ ಹಾಳಾಗೋದು ಮುಖ್ಯವಾಗಿ ಎರಡು ಕಡೆ, ಜಿಪ್ಪಿನ ರನ್ನರ್ ಮತ್ತು ಪಟ್ಟಿ ಕೂಡುವ ಜಾಗ. ಪಟ್ಟಿಗೆ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ ಹೊಲಿಗೆ ಹಾಕಿಸಿ. ಒಂದು ಸ್ಯಾಂಪಲ್ಲಿಗೆ 10 ಕಿಲೋ ತೂಕ ತುಂಬಿ 24 ಗಂಟೆ ತೂಗುಹಾಕಿ, ಜಿಪ್ ಐನೂರು ಸಲ ಎಳೆದು ನೋಡಿ. ಬೇಜಾರಿನ ಕೆಲಸವೇ, ಆದರೂ ಬಿಡಬೇಡಿ.

ಮುಂಗಡ_ಮೊದಲು:
"ಚೆನ್ನಾಗಿದೆ, ಮಾಡು" ಅಂದವರನ್ನು ಲೆಕ್ಕಕ್ಕೆ ತಗೋಬೇಡಿ. ಆ ಮಾತಿಗೆ ಅವರ ಜೇಬಿನಿಂದ ಏನೂ ಹೋಗಿಲ್ಲ. "ತಗೋತೀರಾ?" ಅಂತಲೂ ಕೇಳಬೇಡಿ. ಹಿಂದೆ ಮಾಡಿದ್ದನ್ನು ಕೇಳಿ: ಈಗಿರುವ ಬ್ಯಾಗ್ ಯಾವಾಗ ತಗೊಂಡಿರಿ, ಎಷ್ಟು ಕೊಟ್ಟಿರಿ, ಮೊದಲು ಹಾಳಾಗಿದ್ದು ಯಾವ ಭಾಗ, ಬೇರೆ ಹುಡುಕಿದಿರಾ. ಹದಿನೈದು ಜನರಲ್ಲಿ ಹನ್ನೆರಡು ಮಂದಿ ಅಳತೆ ಬಗ್ಗೆ ತಾವಾಗಿ ಬಾಯಿಬಿಡದಿದ್ದರೆ, ನೀವು ಹೇಳುತ್ತಿರುವ ಸಮಸ್ಯೆ ಅವರದ್ದಲ್ಲ.

ಆಮೇಲೆ ಪರೀಕ್ಷೆ. ಹೊರಗಿನ ಟೈಲರಿಂದ ಮೂರು ಸ್ಯಾಂಪಲ್ ಹೊಲಿಸಿ, ಫೋಟೊ ತೆಗೆದು, ಒಂದೇ ಪುಟದಲ್ಲಿ ಬೆಲೆ ಹಾಕಿ ಮುಂಗಡ ಕೇಳಿ. ಕೂಲಿ 15ರ ಬದಲು 25 ಆದರೂ ಚಿಂತೆಯಿಲ್ಲ, ಅದು ಮಷೀನು ತಗೊಂಡು ಪಾಠ ಕಲಿಯೋದಕ್ಕಿಂತ ಅಗ್ಗ. ಆನ್‌ಲೈನಿನಲ್ಲಿ ಶೂ ಮಾರುವ ಅಮೆರಿಕದ ಜಾಪೋಸ್ 1999ರಲ್ಲಿ ಶುರುವಾದದ್ದೂ ಹೀಗೆಯೇ. ಅಂಗಡಿಗಳಲ್ಲಿದ್ದ ಶೂಗಳ ಫೋಟೊ ವೆಬ್‌ಸೈಟಿಗೆ ಹಾಕಿ, ಆರ್ಡರ್ ಬಂದಾಗ ಅಲ್ಲಿಂದಲೇ ಕೊಂಡು ಕಳಿಸುತ್ತಿದ್ದರು. ಗೋದಾಮು ಕಟ್ಟೋಕೆ ಮೊದಲೇ ಹಣ ಸುರಿದ ವೆಬ್‌ವ್ಯಾನ್ ಅನ್ನೋ ಆನ್‌ಲೈನ್ ದಿನಸಿ ಕಂಪನಿ 2001ರಲ್ಲಿ ದಿವಾಳಿಯಾಯಿತು.

ಗುರಿಯನ್ನು ಪರೀಕ್ಷೆ ಶುರುವಾಗುವ ಮುಂಚೆ ಬರೆದಿಡಿ. ಉದಾಹರಣೆಗೆ, ಮೂರು ವಾರದಲ್ಲಿ ಪರಿಚಯ ಇಲ್ಲದ 20 ಜನ ದುಡ್ಡು ಕೊಟ್ಟರೆ ಮುಂದಿನ ಹೆಜ್ಜೆ, 5ಕ್ಕಿಂತ ಕಡಿಮೆಯಾದರೆ ನಿಲ್ಲಿಸೋದು, ನಡುವೆ ಬಂದರೆ ಬೆಲೆ ಅಥವಾ ಗಿರಾಕಿ ಬಗೆ ಬದಲಿಸಿ ಇನ್ನೊಂದೇ ಒಂದು ಸಲ. ಮೊದಲೇ ಬರೆದಿಡದಿದ್ದರೆ ನಾಲ್ಕು ಆರ್ಡರ್ ಬಂದಾಗಲೂ ಮನಸ್ಸು "ಪರವಾಗಿಲ್ಲ, ಶುರು ಅಲ್ವಾ" ಅನ್ನುತ್ತೆ. ನೆಂಟರು, ಸ್ನೇಹಿತರು ಕೊಂಡದ್ದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಹೊಸಹೆಜ್ಜೆ:
ಕೊರಿಯರ್ ಖರ್ಚು ತಲೆಗೇ ಹೋಗಿರಲಿಲ್ಲ. ಮಷೀನು ಸದ್ಯಕ್ಕೆ ಬೇಡ. ಒಂದು ಅನುಮಾನ: ಹೆಸರೇ ಕೇಳಿರದವನಿಗೆ ಯಾರು ಮುಂಗಡ ಕೊಡುತ್ತಾರೆ? ಪೂರ್ತಿ ಕೇಳಲಾ, ಅರ್ಧವಾ?

ಮುಂಗಡ_ಮೊದಲು:
ಅರ್ಧ ಕೇಳಿ. ನಿಮ್ಮ 100ರಲ್ಲಿ ಅರ್ಧ ಅಂದರೆ ಬಟ್ಟೆಯ ಖರ್ಚು ಪೂರ್ತಿ ಬಂದಂತೆ, ಗಿರಾಕಿ ಕೈಕೊಟ್ಟರೂ ನಿಮ್ಮ ನಷ್ಟ ಕೂಲಿಯಲ್ಲೇ ನಿಲ್ಲುತ್ತೆ. ಕಳಿಸುವ ತಾರೀಖು ಬರೆದುಕೊಡಿ, ಹೊಲಿಗೆಗೆ 10 ದಿನ ಬೇಕಿದ್ದರೆ 16 ಅನ್ನಿ. ಕತ್ತರಿಸುವ ಮುಂಚೆ ಬೇಡ ಅಂದರೆ ಪೂರ್ತಿ ವಾಪಸ್, ಕತ್ತರಿಸಿದ ಮೇಲೆ ಇಲ್ಲ, ಅಳತೆ ತಪ್ಪಿದ್ದು ನಿಮ್ಮಿಂದಾದರೆ ಹೊಸದು ಹೊಲಿದು ಕೊಡೋದು. ಇವು ಮೂರೂ ದುಡ್ಡು ಕಟ್ಟುವ ಬಟನ್ ಪಕ್ಕದಲ್ಲೇ ಕಾಣಬೇಕು. ಮುಂಗಡಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ಬ್ಯಾಗ್ ಕೈಸೇರುವವರೆಗೆ ಅದು ನಿಮ್ಮ ದುಡ್ಡಲ್ಲ, ಅದರಲ್ಲಿ ಬಾಡಿಗೆ ಕಟ್ಟೋಕೆ ಹೋಗಬೇಡಿ.

ಸೂಜಿದಾರ:
ಅಳತೆ ತಗೊಳ್ಳುವ ಫಾರ್ಮಿನಲ್ಲಿ ಲ್ಯಾಪ್‌ಟಾಪ್ ಮೇಲೆ ಸ್ಕೇಲ್ ಇಟ್ಟು ತೆಗೆದ ಫೋಟೊ ಕಡ್ಡಾಯ ಮಾಡಿ. ತಪ್ಪು ಯಾರದ್ದು ಅನ್ನುವ ವಾದ ಅಲ್ಲೇ ಮುಗಿಯುತ್ತೆ.