ಸಹಾಯ ಬೇಕು: ನಮ್ಮ ಮಳೆ ಲೆಕ್ಕದ ಆ್ಯಪ್ ಅಪಾಚೆಗೆ ಸೇರುತ್ತದಾ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಕಾಫಿ ತೋಟದವರು ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರಲ್ವಾ? ಅದನ್ನೇ ಮೊಬೈಲಿನಲ್ಲಿ ಇಡೋಕೆ ನಾವು ಗೆಳೆಯರು ಒಂದು ಓಪನ್ ಸೋರ್ಸ್ ಆ್ಯಪ್ ಮಾಡಿದ್ದೇವೆ. ಈ ಸಲದ ಹೂಮಳೆಯನ್ನು (ಕಾಫಿ ಹೂ ಅರಳಿಸುವ ಮಳೆ) ಹಿಂದಿನ ವರ್ಷಗಳ ಜೊತೆ ಹೋಲಿಸಿ ಗ್ರಾಫ್ ತೋರಿಸುತ್ತದೆ.

ಇದನ್ನು ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆ ಆಸರೆಯಾಗಿರುವ ಲಾಭರಹಿತ ಸಂಸ್ಥೆ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ಗೆ ಸೇರಿಸುವ ಆಸೆ. ಹೊಸ ಪ್ರಾಜೆಕ್ಟ್‌ಗಳು ಮೊದಲು ಹೊಸಬರನ್ನು ತಯಾರು ಮಾಡುವ ಹಂತವಾದ ಅಲ್ಲಿನ ಇನ್‌ಕ್ಯುಬೇಟರ್‌ನಲ್ಲಿ ಇದ್ದು ಬರಬೇಕು. ಕೋಡ್ ಚೆನ್ನಾಗಿದ್ದರೆ ಸಾಕು ಅಂದುಕೊಂಡಿದ್ದೆ. ಓದಿ ನೋಡಿದರೆ ಅವರು ಜಾಸ್ತಿ ನೋಡುವುದು ಜನರನ್ನು. ಒಬ್ಬಿಬ್ಬರು ಬಿಟ್ಟುಹೋದರೂ ಕೆಲಸ ನಿಲ್ಲಬಾರದು, ಒಂದೇ ಕಂಪನಿಯ ಹಿಡಿತ ಇರಬಾರದು. ನಾವು ಉಳಿದಿರುವ ಮೂವರೂ ಒಂದೇ ಆಫೀಸಿನವರು!

ಲೈಸೆನ್ಸ್ ತೊಡಕೂ ಇದೆ. ನಮ್ಮ ಗ್ರಾಫ್ ಲೈಬ್ರರಿ (ಗ್ರಾಫ್ ಬಿಡಿಸುವ ಸಿದ್ಧ ಕೋಡ್), ತನ್ನನ್ನು ಸೇರಿಸಿ ಹಂಚುವ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಿ ಅನ್ನುವ ಲೈಸೆನ್ಸಾದ ಜಿಪಿಎಲ್‌ನದು. ಅಪಾಚೆ ರಿಲೀಸ್‌ನಲ್ಲಿ ಅದನ್ನು ಸೇರಿಸುವ ಹಾಗಿಲ್ಲ. ಅದೇನೋ ಬದಲಾಯಿಸಬಹುದು. ನಿಜವಾದ ತಲೆನೋವು ಬೇರೆ. ಸೆಂಟನ್ನು ಮಿಲಿಮೀಟರಿಗೆ ತಿರುಗಿಸುವ ಭಾಗ ಬರೆದ ಗೆಳೆಯ ಊರು ಬಿಟ್ಟ, ಫೋನಿಗೂ ಸಿಗುತ್ತಿಲ್ಲ. (100 ಸೆಂಟ್ ಅಂದರೆ 25.4 ಮಿಲಿಮೀಟರ್, ಇಷ್ಟಕ್ಕೆ ಅವನು ನಲವತ್ತು ಸಾಲು ಬರೆದಿದ್ದಾನೆ.) ಅವನ ಒಪ್ಪಿಗೆ ಇಲ್ಲದೆ ಆ ಕೋಡ್ ಕೊಡುವುದು ಹೇಗೆ? ನಾವೇ ಹೊಸದಾಗಿ ಬರೆದರೆ ಸಾಕಾ?

ಪ್ರಸ್ತಾವನೆಗೆ ಒಬ್ಬ ಚಾಂಪಿಯನ್ (ಅಪಾಚೆಯೊಳಗಿಂದ ನಮ್ಮ ಪರ ನಿಲ್ಲುವವರು), ಜೊತೆಗೆ ಮೆಂಟರ್‌ಗಳು ಬೇಕು. ಹಾಸನ, ಚಿಕ್ಕಮಗಳೂರು ಕಡೆಯವರು ಯಾರಾದರೂ ಅಪಾಚೆಯಲ್ಲಿ ಕಮಿಟರ್ (ಪ್ರಾಜೆಕ್ಟಿನ ಕೋಡ್ ಬದಲಿಸುವ ಹಕ್ಕಿರುವವರು) ಇದ್ದೀರಾ? ನಮ್ಮಷ್ಟು ಚಿಕ್ಕ ತಂಡಕ್ಕೆ ಇಂಥದೇ ಇನ್ನೊಂದು ಸಂಸ್ಥೆಯಾದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯೇ ಸರಿ ಅನ್ನಿಸಿದರೆ ಅದನ್ನೂ ನೇರವಾಗಿ ಹೇಳಿ, ಬೇಜಾರಿಲ್ಲ.