ಅಪ್‌ಡೇಟ್: ಮಗಳ ಖಾತೆಯ ಬೌನ್ಸ್ ಶುಲ್ಕ

ಪುಣೆಯಲ್ಲಿರುವ 16 ವರ್ಷದ ಮಗಳ ಉಳಿತಾಯ ಖಾತೆಯಿಂದ ಕ್ಲಾಸಿನ ಕಂತು ಬೌನ್ಸ್ ಆಗಿ ಮೂರು ಸಲ ₹295 ಕತ್ತರಿಸಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

₹250 ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ₹45. ಪಾಸ್‌ಬುಕ್ ತೆಗೆದು ಸಾಲು ಸಾಲಾಗಿ ನೋಡಿದರೆ, 5ರಂದು ಬೌನ್ಸ್ ಆದ ಅದೇ ಕಂತನ್ನು ಕ್ಲಾಸಿನವರು 8 ಮತ್ತು 12ಕ್ಕೆ ಮತ್ತೆ ಕಳಿಸಿದ್ದರು. ಪ್ರತಿ ಮರುಪ್ರಯತ್ನಕ್ಕೂ ಹೊಸ ಶುಲ್ಕ! ಖಾತೆಯಲ್ಲಿದ್ದದ್ದು ₹410. ಮೊದಲ ಶುಲ್ಕ ಹೋಗಿ ₹115 ಉಳಿಯಿತು; ಮಿಕ್ಕದ್ದಕ್ಕೆ ಲಿಯನ್ (ಮುಂದೆ ಬರುವ ಹಣದ ಮೇಲೆ ಬ್ಯಾಂಕಿನ ತಡೆ) ಹಾಕಿ, ಅಜ್ಜಿ ಹಬ್ಬಕ್ಕೆ ಕಳಿಸಿದ ದುಡ್ಡಿನಿಂದ ಎಳೆದುಕೊಂಡರು. ಅಪ್ರಾಪ್ತರ ಖಾತೆ ಮೈನಸ್‌ಗೆ ಹೋಗಕೂಡದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ, ಆದರೆ ಲಿಯನ್ ಎಷ್ಟೋ ಸಲ ಬ್ಯಾಲೆನ್ಸ್‌ನಲ್ಲಿ ಕಾಣಿಸುವುದಿಲ್ಲ. ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ನಾವು ಕೊಟ್ಟ ಒಪ್ಪಿಗೆ, ಇರುವ ತನಕ ಇದು ನಿಲ್ಲದು. ಯುಎಂಆರ್‌ಎನ್ (ಆ ಮ್ಯಾಂಡೇಟ್‌ನ ಗುರುತಿನ ಸಂಖ್ಯೆ) ಬರೆದು ಶಾಖೆಯಲ್ಲಿ ರದ್ದತಿ ಅರ್ಜಿ ಕೊಡಿ, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಫೀ ಬಾಕಿ ಹಾಗೇ ಇರುತ್ತದೆ, ಅದನ್ನು ಬೇರೆ ದಾರಿಯಲ್ಲಿ ಕಟ್ಟಿ. ಮ್ಯಾಂಡೇಟ್ ಉಳಿಸಿಕೊಳ್ಳುವವರು ಹಿಂದಿನ ದಿನವೇ ಹಣ ಹಾಕಿಡಿ. ಕಂತು ಬೆಳಗ್ಗೆಯೇ ಕಡಿತಕ್ಕೆ ಬಂದರೆ ಮಧ್ಯಾಹ್ನ ಹಾಕಿದ ಹಣ ಅದಕ್ಕೆ ಸಿಗುವುದಿಲ್ಲ.

ಒಂದೇ ಕಂತು, ಮೂರು ಶುಲ್ಕ ಎಂದು ಲಿಖಿತ ದೂರು ಕೊಟ್ಟ ಮೇಲೆ ₹590 ವಾಪಸ್ ಬಂತು. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ.