ಯೊವಾನಿದಿಸ್ ಅಂದ್ರೆ ಒಬ್ಬರಾ, ಇಬ್ಬರಾ, ಇನ್ನೂ ಜಾಸ್ತಿನಾ?

ಅರ್ಧ ಅಧ್ಯಾಯ (ಪ್ರಶ್ನೆ):

ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ದತ್ತಾಂಶವನ್ನು ಎಷ್ಟು ನಂಬಬಹುದು ಅನ್ನೋದರ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಎರಡನೇ ಅಧ್ಯಾಯದಲ್ಲಿ ಹಿಂದಿನವರ ಕೆಲಸವನ್ನೆಲ್ಲ ಪರಿಚಯಿಸಬೇಕು. ಅಲ್ಲಿ ಹೀಗೆ ಬರೆದಿದ್ದೆ: "2003ರಲ್ಲಿ ಹಿಸ್ಟೋಗ್ರಾಂಗಳ ಇತಿಹಾಸ ಬರೆದ ಯೊವಾನಿದಿಸ್, ಎರಡೇ ವರ್ಷದಲ್ಲಿ ವೈದ್ಯಕೀಯದ ಕಡೆ ಹೊರಳಿ, ಪ್ರಕಟವಾದ ಸಂಶೋಧನೆಯ ಫಲಿತಾಂಶಗಳಲ್ಲಿ ಹೆಚ್ಚಿನವು ತಪ್ಪು ಎಂದು ವಾದಿಸಿದರು."

ಓದೋಕೆ ಚೆನ್ನಾಗಿದೆ ಅಲ್ವಾ? ಹಿಸ್ಟೋಗ್ರಾಂ ಅಂದ್ರೆ ಅಂಕಿಅಂಶವನ್ನು ಕಂಬಗಳಲ್ಲಿ ತೋರಿಸೋ ಚಿತ್ರ, ಅಲ್ಲಿಂದ ಇಲ್ಲಿಗೆ ಒಂದೇ ಹೆಜ್ಜೆ ಅನ್ನಿಸಿತ್ತು. ನನ್ನ ಗೈಡ್ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು ಎರಡೇ ಪದ. "ಇಬ್ಬರು ಕಣಪ್ಪಾ."

ತಪ್ಪು ಉಲ್ಲೇಖಗಳ ಪಟ್ಟಿ ಇಡೋ ಸಾಫ್ಟ್‌ವೇರಿನದ್ದೂ ಅಲ್ಲ. ಅದು ಒಂದನ್ನು ವೈ. ಯೊವಾನಿದಿಸ್, ಇನ್ನೊಂದನ್ನು ಜೆ. ಯೊವಾನಿದಿಸ್ ಅಂತ ಬೇರೆಯಾಗೇ ಇಟ್ಟಿತ್ತು. ಯಾನಿಸ್ ಅಂದ್ರೆ ಗ್ರೀಕಿನಲ್ಲಿ ಜಾನ್ ಅಂತ ಎಲ್ಲೋ ಓದಿದ್ದೆ. ಅದೇ ಧೈರ್ಯದಲ್ಲಿ ನಾನೇ ಕೂತು ಎರಡನ್ನೂ ಸೇರಿಸಿದೆ.

ಈಗ ಆ ಹೆಸರು ಹಾಕಿ ಹುಡುಕಿದರೆ ಬರೋ ಪಟ್ಟಿಗೆ ಕೊನೆಯೇ ಇಲ್ಲ. ಇವರೆಲ್ಲ ಒಂದೇ ಮನೆತನದವರಾ? ಯಾರು ಯಾರು ಅಂತ ಬಿಡಿಸೋದು ಹೇಗೆ?

ಬಾಲಂಗೋಚಿ:

ಮನೆತನ ಅಲ್ಲ. ಯೊವಾನಿದಿಸ್ ಅಂದ್ರೆ "ಯೊವಾನಿಸನ ಮಗ" ಅಂತ, ಅಷ್ಟೇ. ಯಾವುದೋ ಕಾಲದಲ್ಲಿ ಯೊವಾನಿಸ್ ಅನ್ನೋ ಅಜ್ಜ ಇದ್ದ ಪ್ರತಿ ಮನೆಗೂ ಈ ಹೆಸರು ಬರಬಹುದಿತ್ತು. ಅಂಥ ಅಜ್ಜಂದಿರಿಗೆ ಗ್ರೀಸಿನಲ್ಲಿ ಬರವೇ?

ಹೆಸರಿನ ಬಾಲ ನೋಡಿದರೆ ಕುಟುಂಬದ ಮೂಲ ಸ್ವಲ್ಪ ಊಹಿಸಬಹುದು. "ಇದಿಸ್" ಕಪ್ಪು ಸಮುದ್ರದ ದಂಡೆಯ ಪೊಂಟಸ್ ಕಡೆಯ ಗ್ರೀಕರಲ್ಲಿ ಜಾಸ್ತಿ. "ಆಕಿಸ್" ಕ್ರೀಟ್ ದ್ವೀಪದ್ದು, "ಪುಲೊಸ್" ಪೆಲೊಪೊನೀಸ್ ಕಡೆಯದ್ದು. ಪಾಪದೊಪುಲೊಸ್ ಅಂದ್ರೆ ಪಾದ್ರಿಯ ಮಗ. ಆರ್ಥಡಾಕ್ಸ್ ಚರ್ಚಿನಲ್ಲಿ ಮದುವೆಯಾದವರೂ ಪಾದ್ರಿಗಳಾಗಬಹುದು. ಆದ್ದರಿಂದ ಆ ಹೆಸರು ಅಲ್ಲಿ ಬೀದಿಬೀದಿಗೂ ಸಿಗುತ್ತದೆ.

ಸೂಚಿಪತ್ರ:

ಲೇಖಕರ ಹೆಸರುಗಳನ್ನು ಬೇರ್ಪಡಿಸೋದೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ನೀವು ಎಡವಿದ್ದು ಸಾಮಾನ್ಯ ಕಲ್ಲಿಗಲ್ಲ. ಆ ಇಬ್ಬರ ಹೆಸರೂ ಗ್ರೀಕಿನಲ್ಲಿ ಒಂದೇ! ಒಬ್ಬರು ಅದನ್ನು ಜಾನ್ ಅಂತ ಬರೆದುಕೊಂಡರು, ಇನ್ನೊಬ್ಬರು ಯಾನಿಸ್ ಅಂತ ಉಳಿಸಿಕೊಂಡರು. ನೀವು ಅರ್ಧ ಸರಿ, ಅದಕ್ಕೇ ಪೂರ್ತಿ ತಪ್ಪಾಯಿತು.

ಯಾನಿಸ್ ಅವರು ಡೇಟಾಬೇಸ್ ಮನುಷ್ಯ. ಅಥೆನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, 2022ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳ ದೊಡ್ಡ ಸಂಘ ಎಸಿಎಂನ ಅಧ್ಯಕ್ಷರಾದರು. ಅವರ ಹಿಸ್ಟೋಗ್ರಾಂ ರೋಗಿಗಳ ಅಂಕಿಅಂಶದ್ದಲ್ಲ. ನೀವೊಂದು ಪ್ರಶ್ನೆ ಕೇಳಿದಾಗ ಎಷ್ಟು ಸಾಲು ಉತ್ತರ ಬರಬಹುದು ಅಂತ ಡೇಟಾಬೇಸ್ ಮೊದಲೇ ಅಂದಾಜು ಮಾಡಬೇಕು, ಇಲ್ಲದಿದ್ದರೆ ನಿಧಾನದ ದಾರಿ ಹಿಡಿದುಬಿಡುತ್ತದೆ. ಆ ಅಂದಾಜಿಗೆ ಅಂತ ಅದು ಇಟ್ಟುಕೊಳ್ಳೋ ಪುಟ್ಟ ಲೆಕ್ಕವೇ ಇವರ ಹಿಸ್ಟೋಗ್ರಾಂ.

ಜಾನ್ ಅವರು ವೈದ್ಯರು, ಸ್ಟ್ಯಾನ್‌ಫರ್ಡ್‌ನಲ್ಲಿದ್ದಾರೆ. 2005ರ ಲೇಖನ ಅವರದ್ದು. ಪರೀಕ್ಷೆಗೆ ತೆಗೆದುಕೊಂಡ ಜನ ಕಡಿಮೆ, ಕಾಣೋ ಪರಿಣಾಮ ಸಣ್ಣದು, ಒಂದೇ ವಿಷಯದ ಹಿಂದೆ ಹತ್ತಾರು ತಂಡ ಬಿದ್ದಿದೆ ಅಂದಾಗ ತಪ್ಪು ಫಲಿತಾಂಶ ಹೆಚ್ಚುತ್ತದೆ ಅನ್ನೋದು ಅವರ ಲೆಕ್ಕ. ಲೇಖನದ ಮೇಲೆ ಅವರ ಹೆಸರು ಸಾಮಾನ್ಯವಾಗಿ "ಜಾನ್ ಪಿ. ಎ." ಅಂತಲೇ ಇರುತ್ತದೆ. ಯಾನಿಸ್ ಅವರದ್ದು "ಯಾನಿಸ್ ಇ." ನೀವು ಕಿತ್ತು ಬಿಸಾಕಿದ ಆ ನಡುವಿನ ಅಕ್ಷರಗಳೇ ಗುರುತು. ದಯವಿಟ್ಟು ವಾಪಸ್ ಹಾಕಿ.

ಇನ್ನು ಕಾಗುಣಿತ. ಒಂದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಐ ಇಂದ ಶುರುವಾಗಬಹುದು, ಜೆ ಇಂದಲೂ ಆಗಬಹುದು. ಕೊನೆಯಲ್ಲಿ "ಇದಿಸ್" ಬದಲು "ಇದೆಸ್" ಅಂತಲೂ ಇರುತ್ತದೆ, ಸೈಪ್ರಸ್‌ನವರಲ್ಲಿ ಇದು ಹೆಚ್ಚು. ಹೆಣ್ಣುಮಕ್ಕಳದ್ದು ಇನ್ನೊಂದು ಕಥೆ. ಅಪ್ಪ ಯೊವಾನಿದಿಸ್ ಆದರೆ ಮಗಳು ಯೊವಾನಿದೂ. ಅಪ್ಪ ಪಾಪದೊಪುಲೊಸ್, ಮಗಳು ಪಾಪದೊಪುಲೂ. ನಮ್ಮ ಷಷ್ಠಿ ವಿಭಕ್ತಿ ಇದ್ದ ಹಾಗೆ, "ಪಾಪದೊಪುಲೊಸನ" ಅಂತ ಅರ್ಥ. ಹುಡುಕುವಾಗ ಗಂಡು ರೂಪ ಮಾತ್ರ ಹಾಕಿದರೆ ಹೆಂಗಸರ ಕೆಲಸ ಪಟ್ಟಿಗೇ ಬರೋದಿಲ್ಲ. ನಾನೂ ಮೊದಮೊದಲು ಹೀಗೇ ಎಷ್ಟೋ ಜನರನ್ನು ಬಿಟ್ಟಿದ್ದೆ, ಈಗಲೂ ನೆನೆಸಿಕೊಂಡರೆ ನಾಚಿಕೆ.

ಹಾಗಂತ "ಊ" ಕಂಡ ತಕ್ಷಣ ಹೆಂಗಸು ಅಂದುಕೊಳ್ಳಬೇಡಿ. ಪಾಪದಿಮಿತ್ರಿಯೂ ಅನ್ನೋ ಹೆಸರು ಮೊದಲಿಂದಲೇ ಷಷ್ಠಿಯಲ್ಲಿದೆ, ಗಂಡಸಿಗೂ ಅದೇ. ಕ್ರಿಸ್ಟೋಸ್ ಪಾಪದಿಮಿತ್ರಿಯೂ ಕಂಪ್ಯೂಟರ್ ವಿಜ್ಞಾನಿ. ದೋಸೆ ಪೇರಿಸಿದ ಹಾಗೆ ಪ್ಯಾನ್‌ಕೇಕ್‌ಗಳ ರಾಶಿಯನ್ನು ತಿರುವಿ ತಿರುವಿ ಜೋಡಿಸೋದು ಹೇಗೆ ಅಂತ 1979ರಲ್ಲಿ ಬಿಲ್ ಗೇಟ್ಸ್ ಜೊತೆ ಲೇಖನ ಬರೆದವರು. ಹೌದು, ಅದೇ ಬಿಲ್ ಗೇಟ್ಸ್. ದಿಮಿತ್ರಿ ಪಾಪದಿಮಿತ್ರಿಯೂ ಅರ್ಥಶಾಸ್ತ್ರಜ್ಞ, 2016ರಿಂದ 2018ರವರೆಗೆ ಗ್ರೀಸಿನ ಆರ್ಥಿಕ ಸಚಿವರಾಗಿದ್ದರು. "ಡಿ. ಪಾಪದಿಮಿತ್ರಿಯೂ" ಅಂತ ಕಂಡರೆ ಆತುರ ಬೇಡ.

ಸುಲಭದ ದಾರಿ ಆರ್ಕಿಡ್ (ORCID) ಸಂಖ್ಯೆ. ಒಬ್ಬ ಲೇಖಕರಿಗೆ ಒಂದು, 16 ಅಂಕಿ. ಹೆಸರು ಬಿಡಿ, ಅದನ್ನು ಹಿಡಿಯಿರಿ.

ಬೆಂಚಿನ ಕೊನೆ:

ಆರ್ಕಿಡ್ ಬಗ್ಗೆ ಒಂದು ತಕರಾರು. ಅದು ಶುರುವಾದದ್ದು 2012ರಲ್ಲಿ, ಅದೂ ಲೇಖಕರೇ ಹೋಗಿ ನೋಂದಾಯಿಸಿಕೊಳ್ಳಬೇಕು. ಪ್ರಶ್ನೆಯಲ್ಲಿರೋ ಎರಡು ಲೇಖನಗಳೂ ಅದಕ್ಕಿಂತ ಹಳೆಯವು. ಲೇಖಕರೇ ಆಮೇಲೆ ಸೇರಿಸಿದ್ದರೆ ಸರಿ, ಇಲ್ಲದಿದ್ದರೆ ಸಂಖ್ಯೆ ಕೈಕೊಡುತ್ತದೆ. ನಾನು ಮೊದಲು ನೋಡೋದು ಸಹಲೇಖಕರನ್ನು, ಆಮೇಲೆ ವಿಳಾಸವನ್ನು. ವಿಷಯವನ್ನು ಕೊನೆಗೆ. ಯಾಕಂದ್ರೆ ವಿಷಯ ನಂಬಿಯೇ ನೀವು ಕೆಟ್ಟಿರಿ, ಹಿಸ್ಟೋಗ್ರಾಂ ನೋಡಿ.

ಕಂಪ್ಯೂಟರ್ ವಿಜ್ಞಾನದ ಲೇಖನಗಳಿಗೆ ಡಿಬಿಎಲ್‌ಪಿ ಅನ್ನೋ ಆನ್‌ಲೈನ್ ಪಟ್ಟಿ ಚೆನ್ನಾಗಿದೆ. ಒಂದೇ ಹೆಸರಿನವರು ಸಿಕ್ಕರೆ ಹೆಸರಿನ ಕೊನೆಗೆ 0001, 0002 ಅಂತ ಅಂಕಿ ಹಾಕುತ್ತದೆ. ಕೈದಿಗಳಿಗೆ ಹಾಕಿದ ಹಾಗೆ ಕಾಣುತ್ತದೆ, ಆದರೆ ಉಪಯೋಗವಾಗುತ್ತದೆ.

ಇನ್ನೊಂದು ತಮಾಷೆ. ಅತಿ ಹೆಚ್ಚು ಉಲ್ಲೇಖ ಪಡೆದ 1 ಲಕ್ಷಕ್ಕೂ ಹೆಚ್ಚು ವಿಜ್ಞಾನಿಗಳ ಪಟ್ಟಿಯನ್ನು 2019ರಲ್ಲಿ ಪ್ರಕಟಿಸಿದ ತಂಡದ ಮುಂದಾಳು ಇದೇ ಜಾನ್ ಯೊವಾನಿದಿಸ್. ಅಂಥ ಪಟ್ಟಿ ಮಾಡಬೇಕಾದರೆ ಮೊದಲು ಬಗೆಹರಿಸಬೇಕಾದದ್ದು ನಿಮ್ಮ ಈ ಸಮಸ್ಯೆಯನ್ನೇ.

ಅರ್ಧ ಅಧ್ಯಾಯ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಸೇರಿಸಿದ್ದನ್ನೆಲ್ಲ ಬಿಡಿಸಿದೆ. ನಡುವಿನ ಅಕ್ಷರಗಳು ವಾಪಸ್ ಬಂದಿವೆ. ಆ ಚೆಂದದ ವಾಕ್ಯ ಹೊಡೆದುಹಾಕುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಹೆಣ್ಣು ರೂಪ ಹಾಕಿ ಹುಡುಕಿದ್ದಕ್ಕೆ ಓದಲೇಬೇಕಾದ ಎರಡು ಲೇಖನ ಹೊಸದಾಗಿ ಸಿಕ್ಕವು.

ಆದರೆ ಪಟ್ಟಿಯ ಕೆಳಗೆ "ಐ. ಯೊವಾನಿದಿಸ್" ಅಂತ ಇನ್ನೊಂದು ಉಳಿದಿದೆ. ಸಹಲೇಖಕರಿಲ್ಲ, ವಿಳಾಸವೂ ಇಲ್ಲ. ಈ ಸಲ ಅದನ್ನು ಯಾರ ಖಾತೆಗೂ ಸೇರಿಸದೆ ಹಾಗೇ ಬಿಟ್ಟಿದ್ದೇನೆ.